ಸೇವೆಗೆ ಬಂದ ಮಕ್ಕಳು, ಮುಯ್ಯಿಗೆ ಹೋಗದ ಮಕ್ಕಳು



ಹೊರದೇಶದ ಹೈಸ್ಕೂಲು ಮಕ್ಕಳು ತಂಡ ಕಟ್ಟಿಕೊಂಡು, ತಮ್ಮ ಮೇಷ್ಟ್ರು ಮೇಡಮ್ಮುಗಳ ಜೊತೆ ನಮ್ಮ ಹಳ್ಳಿಗಳಿಗೆ ಸೇವೆಗೆಂದು ಬರುವುದು ಈಗ ಹೊಸ ಸುದ್ದಿಯಲ್ಲ. ಹದಿನೈದು ಹದಿನಾರು ವರ್ಷದ ಮಕ್ಕಳು. ಬಿಸಿಲಿಗೆ ಮುಖ ಕೆಂಪಾಗಿರುತ್ತದೆ, ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ, ಏನಾದರೂ ಒಳ್ಳೆಯದು ಮಾಡಿ ಹೋಗಬೇಕೆಂಬ ಆಸೆ ಕಣ್ಣಲ್ಲೇ ಕಾಣುತ್ತದೆ. ಮದ್ದೂರಿಗೂ ಮಳವಳ್ಳಿಗೂ ನಡುವಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಬಹಳ ಕಾಲ ಪಾಠ ಮಾಡಿದವನು ನಾನು. ಆ ಮಕ್ಕಳ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರು ಬರುವ ರೀತಿಯ ಬಗ್ಗೆ, ನಾವು ಅವರನ್ನು ಬರಮಾಡಿಕೊಳ್ಳುವ ರೀತಿಯ ಬಗ್ಗೆ ಮಾತ್ರ ಮನಸ್ಸಿನಲ್ಲಿ ಬಹಳ ದಿನದಿಂದ ಒಂದು ಮಾತು ಉಳಿದಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಅವರು ಯಾಕೆ ಬರುತ್ತಾರೆ ಎನ್ನುವುದನ್ನು ನೋಡೋಣ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 75 ಗಂಟೆಗಳ ಸೇವೆಯ ಲೆಕ್ಕ ಕೊಡದೆ ಸರ್ಕಾರಿ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಸಿಗುವುದಿಲ್ಲ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಶಿಕ್ಷಣಕ್ರಮದಲ್ಲಿ ಡಿಪ್ಲೊಮಾ ಓದುವ ಮಕ್ಕಳಿಗೆ, ಅವರು ಯಾವ ದೇಶದವರೇ ಆಗಿರಲಿ, ಪಾಠಗಳ ಜೊತೆಗೆ ಸೇವೆಯೂ ಕಡ್ಡಾಯ. ಕಾಲೇಜಿಗೆ ಅರ್ಜಿ ಹಾಕುವಾಗ ಹಳ್ಳಿಯಲ್ಲಿ ದುಡಿದ ಅನುಭವದ ಬಗ್ಗೆ ನಾಲ್ಕು ಸಾಲು ಬರೆದರೆ ಅದಕ್ಕೂ ಬೆಲೆ ಇದೆ. ಅಮೆರಿಕದಲ್ಲಿ ನೆಲೆಸಿದ ನಮ್ಮದೇ ಮನೆಗಳ ಮೊಮ್ಮಕ್ಕಳು ರಜೆಗೆ ಅಜ್ಜಿಯ ಊರಿಗೆ ಬಂದಾಗ, ಇಲ್ಲೇ ಒಂದಷ್ಟು ಗಂಟೆ ಸೇವೆ ಮಾಡಿ ಶಾಲೆಗೆ ಪತ್ರ ಒಯ್ಯಬಹುದೇ ಎಂದು ಕೇಳುವುದೂ ಉಂಟು. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಕಡ್ಡಾಯ ಎಂದು ಶುರುವಾದದ್ದು ಪ್ರೀತಿಯಾಗಿ ಬೆಳೆಯುವುದನ್ನು ಮೇಷ್ಟ್ರಾದವನು ತರಗತಿಯಲ್ಲಿ ದಿನವೂ ನೋಡುತ್ತಾನೆ.

ಆದರೆ ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಕ್ಕೆ ನಮ್ಮ ಕಡೆ ಒಂದು ಹಳೆಯ ಕಟ್ಟು ಇದೆ. ನಾಟಿ ಕಾಲದಲ್ಲಿ ಮುಯ್ಯಾಳು ಹೋಗುವುದನ್ನು ನಿಮ್ಮಲ್ಲಿ ಬಹಳ ಮಂದಿ ಕಂಡಿದ್ದೀರಿ. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳಿದ್ದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬರಬೇಕು. ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಆ ಮುಯ್ಯಿಯನ್ನು ದುಡ್ಡು ಕೊಟ್ಟು ತೀರಿಸಲು ಹೋದರೆ ಎದುರಿನ ಮನೆಯವರಿಗೆ ನೋವಾಗುತ್ತದೆ. ಚಿಕ್ಕ ಹುಡುಗನನ್ನು ಕಳಿಸಿದರೆ ಅರ್ಧ ಆಳೆಂದು ಹಿಡಿಯುತ್ತಾರೆ, ಉಳಿದರ್ಧಕ್ಕೆ ಇನ್ನೊಂದು ದಿನ ಹೋಗಬೇಕು. ಇವತ್ತು ನಾಟಿ ಯಂತ್ರ ಬಂದಿದೆ, ಕೂಲಿ ಕೊಟ್ಟು ಗುತ್ತಿಗೆಗೆ ಬಿಡುವುದು ಬಂದಿದೆ, ಮುಯ್ಯಾಳು ಕಡಿಮೆಯಾಗಿದೆ. ಆದರೂ ರೇಷ್ಮೆ ಹುಳು ಹಣ್ಣಾದ ದಿನ ಅಕ್ಕಪಕ್ಕದ ಮನೆಯವರು ಈಗಲೂ ಹಾಗೇ ಬರುತ್ತಾರೆ, ಹಾಗೇ ಹೋಗುತ್ತಾರೆ. ನೆರವು ಪಡೆದವನು ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವನು ತಲೆ ಎತ್ತಿ ಮೆರೆಯುವಂತೆಯೂ ಇಲ್ಲ. ಹೊರದೇಶದ ಮಕ್ಕಳ ಸೇವಾ ಪ್ರವಾಸಕ್ಕೂ ಈ ಕಟ್ಟು ಬೇಕು ಎಂಬುದು ನನ್ನ ಮಾತು.

ಪರದೇಶದಿಂದ ಬಂದು ಮೈಮುರಿದು ದುಡಿಯುವ ಈ ಪದ್ಧತಿ ಹುಟ್ಟಿದ್ದು ದೊಡ್ಡ ದುಃಖವೊಂದರಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಒಂದು ಸಣ್ಣ ತಂಡ ಕಟ್ಟಿಕೊಂಡು ಫ್ರಾನ್ಸಿನ ವೆರ್ದೂನ್ ಹತ್ತಿರದ ಎಸ್ನ್ ಎಂಬ ಹಳ್ಳಿಗೆ ಹೋದರು. ಗುಂಡಿನ ದಾಳಿಯಲ್ಲಿ ನೆಲಸಮವಾಗಿದ್ದ ಹಳ್ಳಿ ಅದು. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರು ಬಂದು ಗುದ್ದಲಿ ಹಿಡಿದರೆ ಊರಿನವರಿಗೆ ಹೇಗಾಗಬೇಡ? ಕೆಲವೇ ತಿಂಗಳಲ್ಲಿ ಆ ಶಿಬಿರ ಮುಗಿಯಿತು. ಆದರೆ ಸೆರೆಸೋಲ್ ಕೈಚೆಲ್ಲಲಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭಾರಿ ಭೂಕಂಪವಾದಾಗ ಅವರು ಅಲ್ಲಿಗೂ ಬಂದರು. ಬಾಬು ರಾಜೇಂದ್ರ ಪ್ರಸಾದರು ಮುಂದೆ ನಿಂತು ನಡೆಸುತ್ತಿದ್ದ ಪರಿಹಾರ ಕಾರ್ಯದೊಂದಿಗೆ ಸೇರಿ, ಮನೆಮಠ ಕಳೆದುಕೊಂಡ ರೈತರ ಜೊತೆ ಹೊಸ ಊರು ಕಟ್ಟಲು ದುಡಿದರು. ಹೋಗಿ ಮತ್ತೆ ಬಂದರು, ಮತ್ತೆ ಬಂದರು. ಈ ಮರಳಿ ಬರುವುದನ್ನು ದಯವಿಟ್ಟು ನೆನಪಿನಲ್ಲಿಡಿ.

ಶಾಲೆ ಮುಗಿಸಿದ ಮಕ್ಕಳನ್ನೇ ಕಳಿಸುವ ಯೋಚನೆ ಬಂದದ್ದು 1958ರಲ್ಲಿ. ಇಂಗ್ಲೆಂಡಿನ ಅಲೆಕ್ ಡಿಕ್ಸನ್ ಹದಿನೆಂಟರ ಆಸುಪಾಸಿನ ಹುಡುಗರನ್ನು, ವಿಶ್ವವಿದ್ಯಾಲಯ ಸೇರುವ ಮುಂಚೆ, ದೂರದೇಶಗಳಲ್ಲಿ ಒಂದು ವರ್ಷ ದುಡಿಯಲು ಕಳಿಸಿದರು. 1961ರಲ್ಲಿ ಅಮೆರಿಕದ ಪೀಸ್ ಕೋರ್ ಶುರುವಾಯಿತು. ಅದೇ ವರ್ಷದ ಕೊನೆಗೆ ಭಾರತಕ್ಕೆ ಅದರ ಮೊದಲ ತಂಡ, ಪಂಜಾಬಿಗೆ, ಬಂದಿಳಿಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ತಮ್ಮ 68ನೇ ವಯಸ್ಸಿನಲ್ಲಿ ಮುಂಬಯಿಯ ವಿಕ್ರೋಲಿಗೆ ಬಂದು ದಾದಿಯಾಗಿ ದುಡಿದದ್ದು ಇದೇ ಪೀಸ್ ಕೋರ್ ಮೂಲಕ. ಅವರೆಲ್ಲ ವರ್ಷ, ಎರಡು ವರ್ಷ ಇದ್ದವರು. ಭಾಷೆ ಕಲಿತು, ಅನ್ನ ಸಾರು ಉಂಡು, ಜ್ವರ ಬಂದರೆ ಇಲ್ಲೇ ಮಲಗಿ ಎದ್ದವರು. ಇವತ್ತಿನ ಹೈಸ್ಕೂಲು ತಂಡಕ್ಕೆ ಸಿಗುವುದು ಹತ್ತು ಹದಿನೈದು ದಿನ. ಅದರಲ್ಲೇ ಮೈಸೂರು ಅರಮನೆ, ಶ್ರೀರಂಗಪಟ್ಟಣ, ಶಿವನಸಮುದ್ರದ ಗಗನಚುಕ್ಕಿಯನ್ನೂ ನೋಡಬೇಕು. ಇಷ್ಟು ಕಡಿಮೆ ದಿನದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದನ್ನು ಬರುವ ಮುಂಚೆಯೇ ತೀರ್ಮಾನಿಸಬೇಕು. ಆ ತೀರ್ಮಾನ ಊರಿನವರದ್ದಾಗಿರಬೇಕು.

ನಮ್ಮ ಶಾಲೆಗೆ ಬಂದ ತಂಡದ ವಿಷಯ ಹೇಳುತ್ತೇನೆ. ಕರೆತಂದ ಸಂಸ್ಥೆಯ ಹೆಸರು ಬೇಡ. ದಿನಚರಿಯ ಪಟ್ಟಿ ಮೊದಲೇ ಅಚ್ಚಾಗಿ ಬಂದಿತ್ತು. ಬೆಳಿಗ್ಗೆ ಶಾಲೆಯ ಗೋಡೆಗೆ ಬಣ್ಣ, ಮಧ್ಯಾಹ್ನ ಇಂಗ್ಲಿಷ್ ಆಟಪಾಠ, ಸಂಜೆ ವಾಲಿಬಾಲ್. ಹಿಂದಿನ ವರ್ಷ ಬಂದವರು ಬಳಿದಿದ್ದ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಅದರ ಮೇಲೇ ಹೊಸ ಬಣ್ಣ ಬಿತ್ತು. ಶಾಲೆಯ ಹಿಂದೆ ಶೌಚಾಲಯ ಕಟ್ಟಿಸಿಕೊಟ್ಟರು, ಬಾಗಿಲಿಗೆ ಚೆಂದದ ಹೂವಿನ ಚಿತ್ರವನ್ನೂ ಬರೆದರು. ನೀರಿನ ಸಂಪರ್ಕ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಊರಿನಲ್ಲೇ ಸುಣ್ಣಬಣ್ಣದ ಕೆಲಸ ಮಾಡುವ ಗಂಡಸರಿದ್ದರು, ಗಾರೆಯವರೂ ಇದ್ದರು. ಅವರು ಆ ದಿನಗಳಲ್ಲಿ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಆ ಮಕ್ಕಳಿಗೆ ಇದಾವುದೂ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಅವರ ಮೈಬೆವರು ನಿಜವಾದದ್ದು. ಅದು ಸೇರಬೇಕಾದ ಕಡೆ ಸೇರಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಆ ಪ್ರವಾಸದಲ್ಲಿ ಒಂದು ದಿನ ಮಾತ್ರ ಬೇರೆಯಾಯಿತು. ಶಾಲೆಯ ಪಕ್ಕದ ಮನೆಯ ಹೆಣ್ಣುಮಗಳೊಬ್ಬರು ರೇಷ್ಮೆ ಮೇಯಿಸುತ್ತಿದ್ದರು. ಮಧ್ಯಾಹ್ನ ಓಡಿಬಂದವರೇ, "ಮೇಷ್ಟ್ರೇ, ಹುಳ ಒಟ್ಗೇ ಹಣ್ಣಾಗ್ಬುಟ್ಟವೆ. ಎತ್ತಾಕೆ ಆಳೇ ಇಲ್ಲ, ಎಲ್ರೂ ಮದ್ವೆಗೆ ಹೋಗವ್ರೆ. ಈ ಮಕ್ಳು ಒಸಿ ಬಂದಾರಾ ಕೇಳಿ" ಎಂದರು. ಪಟ್ಟಿಯಲ್ಲಿ ಇದಿಲ್ಲವಲ್ಲ ಎಂದು ಸಂಯೋಜಕರು ಹಿಂದೆಮುಂದೆ ನೋಡಿದರು. ಮಕ್ಕಳ ಜೊತೆ ಬಂದಿದ್ದ ಅವರ ಮೇಡಂ ಒಂದೇ ಮಾತಿಗೆ ಒಪ್ಪಿದರು.

ಹುಳುಮನೆಯ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಆ ಅಮ್ಮ ಎಲ್ಲರ ಕೈಕಾಲು ತೊಳೆಸಿದರು. ಸೆಂಟು ಹಾಕಿಕೊಂಡಿದ್ದ ಹುಡುಗನನ್ನು ಸ್ನಾನ ಮಾಡಿ ಬಾ ಎಂದು ವಾಪಸ್ಸು ಕಳಿಸಿದರು. ಆಮೇಲೆ ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ, ಮೈಯ ಹಸಿರು ಬಿಳುಪು ಹೋಗಿ ಕತ್ತಿನ ಹತ್ತಿರ ಬೆಳಕು ಹಾಯುವಂತಾಗುತ್ತದೆ, ತಲೆ ಎತ್ತಿ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹಣ್ಣಾಗದ್ದನ್ನು ಎತ್ತಬಾರದು, ಅದು ಇನ್ನೂ ಮೇಯಬೇಕು. ಎತ್ತುವಾಗ ಹಿಂಡಬಾರದು. ಗೂಡು ಕಟ್ಟಲು ಬಿಡುವ ತಟ್ಟೆಯ, ಅಂದರೆ ಚಂದ್ರಂಕಿಯ, ಮೇಲೆ ಒತ್ತೊತ್ತಾಗಿ ಬಿಡಬಾರದು. ಒತ್ತಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಜೋಡಿ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಬರುವುದಿಲ್ಲ. ಇಷ್ಟನ್ನೂ ಅವರು ಕನ್ನಡದಲ್ಲೇ, ಅರ್ಧ ಕೈಸನ್ನೆಯಲ್ಲಿ ಕಲಿಸಿದರು. ಮೊದಮೊದಲು ಮುಟ್ಟಲು ಹೆದರಿದ ಹುಡುಗಿಯರು ಸಂಜೆ ಹೊತ್ತಿಗೆ ಎರಡೂ ಕೈಯಲ್ಲಿ ಎತ್ತುತ್ತಿದ್ದರು. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಅವರ ಮಗ್ಗುಲಲ್ಲಿ ಕೂತು, ತಪ್ಪಾಗಿ ಎತ್ತಿದ ಹಸಿರು ಹುಳುವನ್ನು ಮತ್ತೆ ಸೊಪ್ಪಿನ ಮೇಲೆ ಬಿಡಿಸುತ್ತಿದ್ದರು. ಆ ದಿನ ಹೇಳಿಕೊಡುವವರು ನಮ್ಮ ಮಕ್ಕಳಾಗಿದ್ದರು, ಕಲಿಯುವವರು ಬಂದ ಮಕ್ಕಳು. ಕತ್ತಲಾದ ಮೇಲೆ ಎಲ್ಲರಿಗೂ ಅಲ್ಲೇ ಮುದ್ದೆ, ಉಪ್ಪೆಸರು ಆಯಿತು. ಆ ಬೆಳೆ ಉಳಿಯಿತು, ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು.

ಮಾರನೆಯ ದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾ, ಇವ್ರು ನಮ್ಮೂರ್ಗೆ ಬಂದು ಹುಳ ಎತ್ಕೊಟ್ರಲ್ಲ, ನಾವು ಇವ್ರೂರ್ಗೆ ಮುಯ್ಯಿ ಯಾವಾಗ ಹೋಗದು?"

ತರಗತಿ ನಗಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಅದು ಆ ಮಕ್ಕಳ ಮನೆಗಳಲ್ಲಿ ದಿನವೂ ಕೇಳುವ ಪ್ರಶ್ನೆ, ಮತ್ತು ಇಂಥ ಪ್ರವಾಸಗಳನ್ನು ಏರ್ಪಡಿಸುವವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ.

ಹೊರಗಿನಿಂದ ಬಂದು ನಮ್ಮ ಮಂಡ್ಯ ಜಿಲ್ಲೆಗೆ ನಿಜವಾಗಿ ಉಪಕಾರ ಮಾಡಿದವರು ನಮ್ಮಲ್ಲಿದ್ದಾರೆ. ಲೆಸ್ಲಿ ಕೋಲ್‌ಮನ್ ಕೆನಡಾದವರು. 1908ರಲ್ಲಿ ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದವರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ವಿಶ್ವೇಶ್ವರಯ್ಯ ನಾಲೆ ಬಂದಾಗ, ಅದನ್ನು ಆಗ ಇರ್ವಿನ್ ನಾಲೆ ಎನ್ನುತ್ತಿದ್ದರು, ಮಂಡ್ಯದ ನೆಲಕ್ಕೆ ಯಾವ ಬೆಳೆ, ಎಷ್ಟು ನೀರು ಎಂದು ಹೊಲದಲ್ಲಿ ನಿಂತು ನೋಡಿದವರಲ್ಲಿ ಅವರೂ ಒಬ್ಬರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಗುವುದರ ಹಿಂದೆಯೂ ಅವರ ದುಡಿಮೆ ಇತ್ತು. ಅವರು ಇಲ್ಲಿದ್ದದ್ದು ಕಾಲು ಶತಮಾನ. ಇನ್ನು ಜಪಾನಿನ ರೇಷ್ಮೆ ತಜ್ಞರು. 1991ರಿಂದ 2007ರವರೆಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ನಮ್ಮ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ದ್ವಿತಳಿ ರೇಷ್ಮೆಯ ಕೆಲಸ ನಡೆಸಿತು. ನಮ್ಮ ಬಿಸಿಲಿಗೆ ದ್ವಿತಳಿ ಹುಳು ಬದುಕುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ತಳಿ ಕಟ್ಟಿ, ರೈತರ ಹುಳುಮನೆಗಳಲ್ಲಿ ಮೇಯಿಸಿ, ಸೋತು, ಮತ್ತೆ ಮಾಡಿ, ಹದಿನಾರು ವರ್ಷ ಹಿಡಿದ ಕೆಲಸ. ಹೈಸ್ಕೂಲು ಮಕ್ಕಳಿಂದ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಇಂಥ ಉದ್ದನೆಯ ಕೆಲಸವೊಂದರ ಒಳಗೆ ಅವರ ಹದಿನೈದು ದಿನಕ್ಕೆ ಜಾಗ ಸಿಗಬೇಕು. ಹಿಂದೆ ಏನು ನಡೆದಿತ್ತು, ಮುಂದೆ ಯಾರು ಮುಂದುವರಿಸುತ್ತಾರೆ ಎಂಬುದು ತಿಳಿಯದ ಕೆಲಸಕ್ಕೆ ಅವರನ್ನು ಹಚ್ಚಬಾರದು.

ಅಂಥ ಜಾಗ ಎಲ್ಲಿದೆ ಎನ್ನುತ್ತೀರಾ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಊರ ನಡುವಿನ ಹುಣಸೆ ಮರ, ಆಲ, ಅರಳಿಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ತಲೆತಲಾಂತರದಿಂದ ಗೂಡು ಕಟ್ಟುತ್ತಿವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ಕರೆಯುತ್ತಾರೆ. ಗೂಡಿದ್ದ ಮರದ ಹುಣಸೆ ಬಡಿಯುವುದಿಲ್ಲ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ವಿಷಯವನ್ನು ಹೊರಜಗತ್ತಿಗೆ ತಿಳಿಸಿದರು, ಮುಂದೆ ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುವಂತಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಮೈಸೂರಿನ ಪಕ್ಷಿಪ್ರೇಮಿ ಕೆ. ಮನು ಅವರು ಜೊತೆಗೆ ನಿಂತಾಗ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿದರು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಹೆಕ್ಕಿ ತಂದು, ಬೇಲಿಯೊಳಗೆ ಬಿಟ್ಟು, ಮೀನು ತಿನ್ನಿಸಿ, ಹಾರುವಷ್ಟು ಬಲ ಬಂದ ಮೇಲೆ ಬಿಟ್ಟುಕೊಡುವ ಕೆಲಸ ಅದು. ಹೆಜ್ಜಾರ್ಲೆ ಮರಿಯ ಹೊಟ್ಟೆ ತುಂಬಿಸುವುದು ಸಣ್ಣ ಮಾತಲ್ಲ. ದಿನವೂ ಮೀನು ಹೊಂದಿಸಬೇಕು, ಜಾಗ ತೊಳೆಯಬೇಕು, ನಾಯಿ ಬರದಂತೆ ಕಾಯಬೇಕು. ಪಾಳಿ ಹಾಕಿಕೊಂಡು ಮಾಡುವ ಇಂಥ ಕೆಲಸದಲ್ಲಿ ಹೊರದೇಶದ ಹುಡುಗನೊಬ್ಬ ಬಳಗದ ಹುಡುಗನ ಕೈಕೆಳಗೆ ಒಂದು ವಾರ ನಿಂತರೆ ಅದು ಕೆಲಸಕ್ಕೂ ಬರುತ್ತದೆ, ಕಲಿಕೆಯೂ ಆಗುತ್ತದೆ.

ಒಂದು ಕೆಲಸವನ್ನು ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಅನಾಥಾಲಯಗಳಿಗೆ ಹತ್ತು ದಿನದ ಮಟ್ಟಿಗೆ ಮಕ್ಕಳ ತಂಡಗಳನ್ನು ಕಳಿಸುವುದು ನಿಲ್ಲಬೇಕು. ತಾಯಿ ತಂದೆ ಇಲ್ಲದ ಎಳೆಯ ಮಗು ಹತ್ತು ದಿನ ಒಬ್ಬರ ತೊಡೆಯ ಮೇಲೆ ಕೂತು, ಹನ್ನೊಂದನೆಯ ದಿನ ಅವರನ್ನು ಕಳೆದುಕೊಳ್ಳುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು. ಸಂದರ್ಶಕರ ದುಡ್ಡಿಗಾಗಿಯೇ ಅಪ್ಪ ಅಮ್ಮ ಇರುವ ಮಕ್ಕಳನ್ನೂ ತಂದು ಇಟ್ಟುಕೊಳ್ಳುವುದು ಕೆಲವು ದೇಶಗಳಲ್ಲಿ ಬೆಳಕಿಗೆ ಬಂದಿದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕುಗಳ ಗೊತ್ತುವಳಿಯಲ್ಲಿ ಇದರ ಕೇಡಿನ ಬಗ್ಗೆ ಎಚ್ಚರಿಸಿದೆ. ನಮ್ಮ ಜಿಲ್ಲೆಯ ಯಾವ ಸಂಸ್ಥೆಯೂ ಇದಕ್ಕೆ ಬಾಗಿಲು ತೆರೆಯಬಾರದು.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಮಕ್ಕಳು ಹೊರದೇಶಕ್ಕೆ ಹೋಗಿ ಮುಯ್ಯಿ ಕೊಟ್ಟು ಬರುವುದು ಆಗದ ಮಾತೇನೂ ಅಲ್ಲ. ಧಾರವಾಡದಲ್ಲಿ ಹುಟ್ಟಿದ ಡಾಕ್ಟರ್ ಎನ್. ಎಸ್. ಹರ್ಡೀಕರರು ಅಮೆರಿಕದ ಮಿಷಿಗನ್ನಿನಲ್ಲಿ ಓದುವಾಗ ಲಾಲಾ ಲಜಪತ ರಾಯರ ಜೊತೆ ಸೇರಿ ಅಲ್ಲಿನ ಜನಕ್ಕೆ ಭಾರತದ ಸಂಗತಿ ತಿಳಿಸಿದವರು. ಮರಳಿ ಬಂದು 1923ರಲ್ಲಿ ಹಿಂದೂಸ್ತಾನಿ ಸೇವಾ ದಳ ಕಟ್ಟಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಯಂಸೇವಕರ ಶಿಸ್ತನ್ನು ದೇಶವೇ ಕಂಡಿತು. ನಾಡಿಗಾಗಿ ಒಟ್ಟಾಗಿ ನಿಲ್ಲುವುದು ನಮ್ಮ ಹಳ್ಳಿಗರಿಗೂ ಗೊತ್ತಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ, ನಿಷೇಧಾಜ್ಞೆ ಇದ್ದರೂ, ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ದಲಿಂಗಯ್ಯನವರು ರಾಷ್ಟ್ರಧ್ವಜ ಏರಿಸಿ ಬಂಧನಕ್ಕೊಳಗಾದಾಗ ಅವರ ಹಿಂದೆ ಸಾವಿರಾರು ಹಳ್ಳಿಗರಿದ್ದರು. ಸೇವೆ ಎಂಬುದನ್ನು ಯಾರೋ ಹೊರಗಿನಿಂದ ಬಂದು ಕಲಿಸಬೇಕಾದ ನೆಲ ಇದಲ್ಲ. 1969ರ ಸೆಪ್ಟೆಂಬರ್ 24ರಂದು ಗಾಂಧೀ ಶತಾಬ್ದಿಯ ವರ್ಷದಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ನಡೆಯುತ್ತಿವೆ. ಚರಂಡಿ, ಕಲ್ಯಾಣಿ, ಶಾಲೆಯ ಅಂಗಳ ಶುಚಿ ಮಾಡಿ, ಸಂಜೆ ನಾಟಕ ಆಡಿ ಹೋಗುತ್ತಾರೆ.

ಆದ್ದರಿಂದ ಹೊರದೇಶದ ತಂಡ ಕರೆತರುವ ಸಂಸ್ಥೆಗಳಿಗೆ ನನ್ನ ಒಂದೇ ಷರತ್ತು. ಪ್ರತಿ ಮಗುವಿನಿಂದಲೂ ನೀವು ಪ್ರವಾಸದ ಶುಲ್ಕ ಪಡೆಯುತ್ತೀರಿ. ಅದರಲ್ಲಿ ಒಂದು ಪಾಲನ್ನು ಆತಿಥೇಯ ಶಾಲೆಯ ಮಕ್ಕಳ ಮರುಪ್ರವಾಸಕ್ಕೆ ತೆಗೆದಿಡಿ. ಇಪ್ಪತ್ತು ಮಕ್ಕಳು ಬಂದರೆ ಇಬ್ಬರಾದರೂ ಹೋಗಲಿ. ಅಲ್ಲಿ ಅವರು ಕಲಿಸಬಹುದಾದದ್ದು ಬೇಕಾದಷ್ಟಿದೆ. ಹುಳು ಮೇಯಿಸುವುದು, ಆಲೆಮನೆಯಲ್ಲಿ ಕೊಪ್ಪರಿಗೆಯ ಹದ ನೋಡುವುದು, ಸೋಬಾನೆ, ಕೋಲಾಟ, ಒಂದು ನಾಲೆಯ ನೀರನ್ನು ಹತ್ತಾರು ಹಳ್ಳಿ ಹಂಚಿಕೊಳ್ಳುವ ಕಷ್ಟ. ಯುದ್ಧಕಾಲದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕರು ಕಟ್ಟಿದ ಎ.ಎಫ್.ಎಸ್. ಸಂಸ್ಥೆ 1947ರಿಂದ ಹೈಸ್ಕೂಲು ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸಿ, ಮನೆಗಳಲ್ಲಿ ಇರಿಸಿ ಓದಿಸುತ್ತ ಬಂದಿದೆ. ರೋಟರಿಯವರ ವಿನಿಮಯವೂ ಇದೆ. ದಾರಿ ಹೊಸದಾಗಿ ಕಡಿಯಬೇಕಾಗಿಲ್ಲ. ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಮಗುವಿಗೆ ಆ ದಾರಿಯಲ್ಲಿ ಕಾಲಿಡುವ ಅವಕಾಶ ಆಗಬೇಕು, ಅಷ್ಟೇ.

ಮುಖ್ಯೋಪಾಧ್ಯಾಯರಿಗೂ ಎಸ್.ಡಿ.ಎಂ.ಸಿ. ಸದಸ್ಯರಿಗೂ ಒಂದು ವಿನಂತಿ. ಸಂಸ್ಥೆಯ ಪತ್ರ ಬಂದ ಕೂಡಲೇ ಹೂವಿನ ಹಾರಕ್ಕೆ ಹೇಳಿಕಳಿಸಬೇಡಿ. ಮೊದಲು ಸಭೆ ಕರೆದು ಊರಿಗೆ ಏನು ಬೇಕು ಎಂದು ಬರೆದುಕೊಳ್ಳಿ, ಆ ಪಟ್ಟಿಯನ್ನೇ ಅವರಿಗೆ ಕಳಿಸಿ. ಗಾರೆ ಕೆಲಸವಿದ್ದರೆ ನಮ್ಮ ಗಾರೆಯವರಿಗೇ ಕೂಲಿ ಕೊಟ್ಟು ಕೆಲಸ ಹಿಡಿಸಲಿ, ಮಕ್ಕಳು ಅವರಿಗೆ ಕೈಯಾಳಾಗಿ ನಿಲ್ಲಲಿ.

ಮಳವಳ್ಳಿ ಕಡೆಯವರಿಗೆ ಪಟ್ಟಿಯ ಮೊದಲ ಸಾಲನ್ನು ನಾನೇ ಹೇಳಿಬಿಡುತ್ತೇನೆ. ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುರಿ ಮಾರಿದ ದುಡ್ಡಿನಲ್ಲಿ, ಬಹುಮಾನ ಬಂದ ದುಡ್ಡಿನಲ್ಲಿ, ಊರ ಮಗ್ಗುಲ ಬೆಟ್ಟದ ಮೇಲೆ ಒಂದರ ಹಿಂದೆ ಒಂದರಂತೆ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದರು. ಕುರಿಗೂ ಹಕ್ಕಿಗೂ ಬೇಸಿಗೆಯಲ್ಲಿ ನೀರಿರಲಿ ಎಂದು. 2020ರ ಜೂನ್‌ನಲ್ಲಿ ಪ್ರಧಾನಿಯವರು ಬಾನುಲಿಯ ಮನ್ ಕಿ ಬಾತ್‌ನಲ್ಲಿ ಅವರ ಹೆಸರು ಹೇಳಿದ್ದನ್ನು ನೀವು ಕೇಳಿರಬಹುದು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಕಟ್ಟೆ ಎಂದ ಮೇಲೆ ವರ್ಷ ವರ್ಷ ಹೂಳು ಕೂರುತ್ತದೆ, ಮಳೆಗಾಲಕ್ಕೆ ಮುಂಚೆ ಅದನ್ನು ಎತ್ತಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಬರುವ ಯಾವ ದೇಶದ ಹೈಸ್ಕೂಲು ತಂಡವೇ ಆಗಲಿ, ಊರಿನವರು ಒಪ್ಪಿದರೆ, ನಮ್ಮ ಮಳವಳ್ಳಿಯ ಮಕ್ಕಳ ಜೊತೆ ಬಾಂಡ್ಲಿ, ಗುದ್ದಲಿ ಹಿಡಿದು ಬೆಳಿಗ್ಗೆ ಆರಕ್ಕೆ ಆ ಬೆಟ್ಟ ಹತ್ತಲಿ. ಹತ್ತು ಗಂಟೆಯ ಬಿಸಿಲು ಏರುವ ಮುಂಚೆ ಇಳಿದುಬಿಡಬಹುದು. ಅವರ ಊರಿನಲ್ಲಿ ಯಾವ ಕೆಲಸಕ್ಕೆ ಆಳು ಬೇಕಾಗಿದೆ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಬಹುದು.